ಅಡುಗೆಮನೆ ಸಾಮಾನಲ್ಲೇ ಪುಟ್ಟ ಕೈಗಳಿಗೆ ಕೆಲಸ

ನಮ್ಮದು ಬೆಂಗಳೂರಿನಲ್ಲಿ ಮೂರನೇ ಮಹಡಿ ಮನೆ. ಮಣ್ಣಲ್ಲಿ ಆಡೋಕೆ ಅಂಗಳ ಇಲ್ಲ. ಆದರೂ ಮೂರು ನಾಲ್ಕು ವರ್ಷದ ಮಗುವಿನ ಕೈಗೆ ಬೇಕಾದ್ದೆಲ್ಲ ಅಡುಗೆಮನೆಯಲ್ಲೇ ಸಿಗುತ್ತದೆ, ಸುಮ್ನೆ ದುಬಾರಿ ಕಿಟ್ ತರಬೇಡಿ. ನೆಲಕ್ಕೆ ಹಳೇ ಬೆಡ್‌ಶೀಟ್ ಹಾಸಿ, ಮಗುವಿಗೆ ಹಳೇ ಬಟ್ಟೆ ಹಾಕಿ, ಅಷ್ಟೇ.

ಡಿಸೆಂಬರ್, ಜನವರಿ ಆಗಿದ್ದರೆ ಅವರೆಕಾಯಿಂದಲೇ ಶುರು ಮಾಡಿ. ಸಿಪ್ಪೆ ಬಿಡಿಸುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಬೆರಳಿಗೆ ಹತ್ತುವ ಆ ಸೊಗಡನ್ನು ಮೂಸಲಿ. ಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಒಂದು ಬಟ್ಟಲು ಮುಂದಿಡಿ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಹಿಸುಕಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ನನ್ನ ಮಗಳು ಮೊದಲು ಒಂದಷ್ಟು ಕಾಳು ಜಜ್ಜಿಯೇ ಹಾಕಿದಳು, ಆಮೇಲೆ ಒಂದು ಬೇಳೆ ಹಾರಿ ಗೋಡೆಗೆ ಬಡಿಯಿತು, ಅವಳು ಬೆರಳಲ್ಲಿ ಉಳಿದ ಸಿಪ್ಪೆಯನ್ನೊಮ್ಮೆ ಗೋಡೆಯನ್ನೊಮ್ಮೆ ನೋಡಿ ಕೇಕೆ ಹಾಕಿದಳು. ಒದ್ದೆ ಸಿಪ್ಪೆ ಸ್ಟೀಲ್ ತಟ್ಟೆಗೆ ಚೆನ್ನಾಗಿ ಅಂಟುತ್ತದೆ. ಸಾಲಾಗಿ ಅಂಟಿಸಿದರೆ ಮೀನಿನ ಮೈ! ಮುಂದೆ ಪೆನ್ಸಿಲ್ ಹಿಡಿಯೋದು ಇದೇ ಬೆರಳುಗಳು ಅಲ್ವಾ? ಹಸಿ ಕಾಳು ಬಾಯಿಗೆ, ಮೂಗಿಗೆ ಹೋಗದ ಹಾಗೆ ಮಾತ್ರ ಪಕ್ಕದಲ್ಲೇ ಇರಿ. ಅಕಸ್ಮಾತ್ ಮೂಗಿಗೆ ಹೋದರೆ ಕಡ್ಡಿ ಹಾಕಿ ಕೆದಕಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು, ಅರಿಶಿನ. ನೀರಲ್ಲಿ ಕಲಸಿ ಬಿಳಿ ಹಾಳೆಗೆ ಬಳಿದು ಒಣಗಿಸಿ. ಮೈಸೋಪನ್ನು ನೀರಲ್ಲಿ ಕರಗಿಸಿ ಕುಂಚ ಅದ್ದಿ ಬರೆಯಲು ಕೊಡಿ, ಗೆರೆ ಎಳೆದ ಕಡೆ ಹಳದಿ ಹೋಗಿ ಕೆಂಪಾಗುತ್ತದೆ. ಸೋಪಲ್ಲಿರುವ ಕ್ಷಾರಕ್ಕೆ ಅರಿಶಿನ ಬಣ್ಣ ಬದಲಿಸುತ್ತದೆ, ಮೇಲೆ ನಿಂಬೆರಸ ಹಾಕಿದರೆ ಮತ್ತೆ ಹಳದಿ. ಮೊದಲೇ ಹೇಳಿಬಿಡಬೇಡಿ, ಅವರೇ ಕಂಡುಕೊಳ್ಳಲಿ.

ಬೆಂಡೆಕಾಯಿ ಅಡ್ಡ ಕೊಯ್ದು ಬಣ್ಣಕ್ಕೆ ಅದ್ದಿ ಒತ್ತಿದರೆ ಹೂವಿನ ಅಚ್ಚು. ಒಂದು ಲೋಟ ಮೈದಾ, ಅರ್ಧ ಲೋಟ ಉಪ್ಪು, ಒಂದು ಚಮಚ ಎಣ್ಣೆಗೆ ಸುಮಾರು ಅರ್ಧ ಲೋಟ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ನಾದಿದರೆ ಆಡುವ ಹಿಟ್ಟು ಸಿದ್ಧ. ನೀರಿನ ಬದಲು ಬೀಟ್‌ರೂಟ್ ರಸ ಹಾಕಿದರೆ ಗುಲಾಬಿ ಬಣ್ಣ. ಉಪ್ಪು ಜಾಸ್ತಿ ಇರೋದ್ರಿಂದ ತಿನ್ನಲು ಬಿಡಬೇಡಿ. ಭಾನುವಾರ ಕಬ್ಬನ್ ಪಾರ್ಕಿಗೋ ಲಾಲ್‌ಬಾಗಿಗೋ ಹೋದರೆ ಉದುರಿದ ಎಲೆ ಆರಿಸಿ ತನ್ನಿ, ಮೇಲೆ ಹಾಳೆ ಇಟ್ಟು ಕ್ರೇಯಾನ್ ಉಜ್ಜಿದರೆ ನರನರವೂ ಮೂಡುತ್ತದೆ.

ದಯವಿಟ್ಟು ಮಗುವಿನ ಕೈ ಹಿಡಿದು ತಿದ್ದಬೇಡಿ. ಚಿತ್ರ ಚೆನ್ನಾಗಿ ಬರಲಿ ಅಂತ ನಾವೇ ಬರೆದರೆ ಅದು ನಮ್ಮ ಚಿತ್ರ. ಕೆಲವು ಮಕ್ಕಳಿಗೆ ಅಂಟಂಟು ಮುಟ್ಟೋದೇ ಆಗಲ್ಲ, ಬಲವಂತ ಬೇಡ, ಚಮಚ ಕೊಟ್ಟು ಪಕ್ಕದಲ್ಲಿ ನೀವು ಕೈ ಹಾಕಿ ಆಡಿ. ಹಿಟ್ಟು ಎಸೆಯೋಕೆ ಶುರು ಮಾಡಿದರೆ ಇವತ್ತಿಗೆ ಸಾಕು ಅಂತ ಅರ್ಥ. ಆಗ ಬಚ್ಚಲಲ್ಲಿ ಅರ್ಧ ಬಕೆಟ್ ನೀರು, ಒಂದು ಚೊಂಬು ಕೊಟ್ಟು ನೀವೂ ಜೊತೆಗೆ ಕೂತುಬಿಡಿ, ಕೈ ತೊಳೆಯೋದೇ ಇನ್ನೊಂದು ಆಟ.