ಹಳೆ ಕಾರು ಮಳೆಗಾಲದಲ್ಲಿ ನಡುಗಿದರೆ ಕತ್ತಲಲ್ಲಿ ನೀರು ಸಿಂಪಡಿಸಿ ನೋಡಿ

ಮಾರುತಿ 800 ತರದ ಹಳೆ ಪೆಟ್ರೋಲ್ ಕಾರು ನಿಂತಲ್ಲೇ ನಡುಗುತ್ತಿದ್ದರೆ, ಅದೂ ಮಳೆ, ಮಂಜು ಇದ್ದಾಗ ಜಾಸ್ತಿ ಆದರೆ, ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಬಿಚ್ಚಿಸುವ ಮೊದಲು ಇದನ್ನು ಮಾಡಿ. ಪೂರ್ತಿ ಕತ್ತಲಾದ ಮೇಲೆ ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು, ಬಟ್ಟೆ ಇಸ್ತ್ರಿ ಮಾಡುವಾಗ ಬಳಸುವ ಸ್ಪ್ರೇ ಬಾಟಲಿಯಿಂದ ಪ್ಲಗ್ ವೈರ್‌ಗಳ ಮೇಲೆ, ಡಿಸ್ಟ್ರಿಬ್ಯೂಟರ್ ಕ್ಯಾಪ್ (ಒಂದೊಂದು ಪ್ಲಗ್‌ಗೂ ಕರೆಂಟ್ ಹಂಚುವ ಭಾಗದ ಮುಚ್ಚಳ, ಪ್ಲಗ್ ವೈರ್‌ಗಳು ಹೊರಡುವುದು ಇಲ್ಲಿಂದಲೇ) ಮೇಲೆ ತೆಳ್ಳಗೆ ನೀರು ಸಿಂಪಡಿಸಿ. ಎಲ್ಲಿ ನೀಲಿ ಕಿಡಿ ಚಟಚಟ ಅನ್ನುತ್ತದೋ ಅಲ್ಲೇ ಕರೆಂಟ್ ಸೋರುತ್ತಿದೆ. ಈ ವೈರ್‌ಗಳಲ್ಲಿ ಸಾವಿರಾರು ವೋಲ್ಟ್ ಹರಿಯುತ್ತದೆ. ರಬ್ಬರ್ ಬಿರುಕು ಬಿಟ್ಟಿದ್ದರೆ ತೇವ ಸಿಕ್ಕ ಕೂಡಲೇ ಕಿಡಿ ಪ್ಲಗ್‌ವರೆಗೆ ಹೋಗದೆ ಎಂಜಿನ್‌ನ ಕಬ್ಬಿಣಕ್ಕೆ ಹಾರುತ್ತದೆ. 800ರಲ್ಲಿ ಇರುವುದೇ 3 ಸಿಲಿಂಡರ್, ಒಂದು ಕೈಕೊಟ್ಟರೂ ಇಡೀ ಗಾಡಿ ಅಲುಗಾಡುತ್ತದೆ ಅಲ್ವಾ. ಹಾಸನದ ಬಯಲಲ್ಲಿ ಸರಿಯಾಗಿ ಓಡಿದ ಕಾರು ಸಕಲೇಶಪುರ ದಾಟಿ ಘಾಟಿ ಹತ್ತಿರ ಬಂದಾಗ ಮುಗ್ಗರಿಸಲು ಎಷ್ಟೋ ಸಲ ಇದೇ ಕಾರಣ. ವೈರ್ ಸೆಟ್ ಪೂರ್ತಿ ಬದಲಿಸಿ, ಒಂದೇ ವೈರ್ ಬದಲಿಸಿ ಬಿಡಬೇಡಿ. ದಯವಿಟ್ಟು ಎಂಜಿನ್ ಓಡುವಾಗ ವೈರ್ ಮುಟ್ಟಬೇಡಿ, ಶಾಲು, ಟವೆಲ್ ಫ್ಯಾನ್ ಹತ್ತಿರ ಬಿಡಬೇಡಿ, ಬಿಸಿ ಸೈಲೆನ್ಸರ್ ಪೈಪ್ ಮೇಲೆ ನೀರು ಬೀಳಿಸಬೇಡಿ. ಮುಚ್ಚಿದ ಶೆಡ್ಡಿನಲ್ಲಂತೂ ಬೇಡವೇ ಬೇಡ, ಹೊಗೆ ಅಪಾಯ. ಕ್ಯಾಪ್ ಒಳಗಡೆ ಬಿರುಕಿದ್ದರೆ ಇದರಲ್ಲಿ ಗೊತ್ತಾಗುವುದಿಲ್ಲ, ಬಿಚ್ಚಿಯೇ ನೋಡಬೇಕು. ಒಣ ಬಿಸಿಲಲ್ಲೂ ಅಷ್ಟೇ ನಡುಗಿದರೆ ಪ್ಲಗ್, ಕಾರ್ಬುರೇಟರ್ ಅಥವಾ ಗಾಳಿ ಎಳೆಯುವ ಹೋಸ್ ಕಡೆ ನೋಡಿ. ಡೀಸೆಲ್ ಗಾಡಿಗೆ, ಪ್ಲಗ್ ಮೇಲೇ ಕಾಯಿಲ್ (ವೋಲ್ಟೇಜ್ ಏರಿಸುವ ಭಾಗ) ಕೂರಿಸಿರುವ ಹೊಸ ಕಾರುಗಳಿಗೆ ಇದು ನಡೆಯುವುದಿಲ್ಲ.