ಮಾಲ್ಟಾ ನೋಡುವ ಕ್ರಮ: ಮೊದಲು ನೆಲದಡಿಯ ಟಿಕೆಟ್, ಆಮೇಲೆ ಉಳಿದದ್ದು

ಇಟಲಿಯ ಸಿಸಿಲಿ ದ್ವೀಪದ ದಕ್ಷಿಣಕ್ಕಿರುವ ಮಾಲ್ಟಾ ದೇಶದ ಎಲ್ಲ ದ್ವೀಪಗಳನ್ನು ಕೂಡಿಸಿದರೂ ವಿಸ್ತೀರ್ಣ 316 ಚದರ ಕಿಲೋಮೀಟರ್ ಅಷ್ಟೇ. ಇಷ್ಟು ಸಣ್ಣ ಊರಲ್ಲಿ ಏನು ಬಿಟ್ಟುಹೋದೀತು ಎಂದು ಹೊರಟವರು ಮುಖ್ಯವಾದದ್ದನ್ನೇ ನೋಡದೆ ಬರುವುದುಂಟು. ಅಡ್ಡಿ ದೂರದ್ದಲ್ಲ, ಟಿಕೆಟ್‌ನದು.

ಆ ಮುಖ್ಯವಾದದ್ದು ಪಾವೊಲಾ ಎಂಬ ಊರಿನ ಮನೆಗಳ ಕೆಳಗಿದೆ. 1902ರಲ್ಲಿ ಮನೆ ಕಟ್ಟುವವರು ನೀರಿನ ತೊಟ್ಟಿಗೆಂದು ಬಂಡೆ ಕೊರೆಯುವಾಗ ತೂತು ಬಿದ್ದು ಸಿಕ್ಕಿದ್ದು ಹಾಲ್ ಸಫ್ಲಿಯೆನಿ ಹೈಪೊಜಿಯಮ್. ಸುಮಾರು ಐದಾರು ಸಾವಿರ ವರ್ಷಗಳ ಹಿಂದೆ, ಲೋಹದ ಉಪಕರಣಗಳಿಲ್ಲದ ಜನ ಬಂಡೆಯೊಳಗೆ ಮೂರು ಹಂತಗಳಲ್ಲಿ ಕೊರೆದ ಸಮಾಧಿ ಸ್ಥಳ ಇದು. ಏಳು ಸಾವಿರದಷ್ಟು ಜನರನ್ನು ಇಲ್ಲಿ ಹೂಳಿದ್ದರೆಂದು ಅಂದಾಜು. ಚಾವಣಿಯ ಮೇಲೆ ಕೆಮ್ಮಣ್ಣಿನ ಸುರುಳಿ ಚಿತ್ತಾರ ಇನ್ನೂ ಉಳಿದಿದೆ. ನಮ್ಮ ಉಸಿರಿನ ತೇವಕ್ಕೇ ಅದು ಮಾಸುತ್ತದೆ. ಹಾಗಾಗಿ ಒಂದು ಸಲಕ್ಕೆ ಹತ್ತೇ ಜನರಿಗೆ ಪ್ರವೇಶ, ದಿನಕ್ಕೆ ಕೆಲವೇ ಸರದಿ, ಫೋಟೊ ತೆಗೆಯುವಂತಿಲ್ಲ. ಬೇಸಿಗೆಯಲ್ಲಂತೂ ತಿಂಗಳುಗಳ ಮೊದಲೇ ಟಿಕೆಟ್ ಮುಗಿದಿರುತ್ತದೆ.

ಆದ್ದರಿಂದ ಮೊದಲ ಕೆಲಸ: ಇದನ್ನು ನೋಡಿಕೊಳ್ಳುವ ಹೆರಿಟೇಜ್ ಮಾಲ್ಟಾ ಸಂಸ್ಥೆಯ ಜಾಲತಾಣದಲ್ಲಿ ಜಾಗ ಖಾಲಿ ಇರುವ ದಿನ ನೋಡಿ, ಪ್ರವಾಸದ ದಿನಾಂಕಗಳನ್ನು ಅದರ ಸುತ್ತ ಹೊಂದಿಸಿಕೊಳ್ಳಿ. ಮಾಲ್ಟಾಕ್ಕೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ, ಬೇಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ಅಲ್ಲಿಯವರೆಗೆ ಕಾಯುವುದು ಜಾಣತನವಲ್ಲ. ಹಲವು ತಾಣಗಳಿಗೆ ಒಂದೇ ಪಾಸ್ ಕೂಡ ಸಿಗುತ್ತದೆ. ಆದರೆ ಹೈಪೊಜಿಯಮ್ ಅದರಲ್ಲಿ ಸೇರಿಲ್ಲ, ಮುಂದೆ ಹೇಳುವ ಸೇಂಟ್ ಜಾನ್ಸ್ ಚರ್ಚೂ ಸೇರಿಲ್ಲ. ಲೆಕ್ಕ ಹಾಕಿಯೇ ಪಾಸ್ ಕೊಳ್ಳಿ.

ಇಳಿದ ಮರುದಿನ ರಾಜಧಾನಿ ವಲೆಟ್ಟಾದ ಪುರಾತತ್ವ ಮ್ಯೂಸಿಯಂಗೆ ಹೋಗಿ. ಹೈಪೊಜಿಯಮ್‌ನಲ್ಲಿ ಸಿಕ್ಕ ‘ಮಲಗಿದ ಮಹಿಳೆ’ ಇರುವುದು ಇಲ್ಲಿ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಮಣ್ಣಿನ ಮೂರ್ತಿ, ಮಗ್ಗುಲಾಗಿ ತಲೆಗೆ ಕೈಯಿಟ್ಟು ನಿದ್ರಿಸುತ್ತಿದ್ದಾಳೆ. ಇವಳನ್ನು ನೋಡಿಕೊಂಡು ನೆಲದಡಿಗೆ ಇಳಿದರೆ ಅಲ್ಲಿನ ಖಾಲಿ ಕೋಣೆಗಳು ಅರ್ಥವಾಗುತ್ತವೆ.

ನಂತರ ಬಸ್ಸು ಹಿಡಿದು ದಕ್ಷಿಣ ಕರಾವಳಿಯ ಹಾಜರ್ ಇಮ್ ಮತ್ತು ಇಮ್ನಾಯ್ಡ್ರಾ ಎಂಬ ಇತಿಹಾಸಪೂರ್ವ ಕಲ್ಲಿನ ದೇಗುಲಗಳಿಗೆ ಹೋಗಿ. ಎರಡಕ್ಕೂ ನಡುವೆ ಸಮುದ್ರದತ್ತ ಇಳಿಯುವ ಕಾಲುದಾರಿ, ಹತ್ತು ನಿಮಿಷದೊಳಗಿನ ನಡಿಗೆ. ಹಾಜರ್ ಇಮ್‌ನ ಮೆತ್ತನೆಯ ಸುಣ್ಣಕಲ್ಲು ಉಪ್ಪುಗಾಳಿಗೆ ಪದರ ಪದರವಾಗಿ ಉದುರುತ್ತಿದ್ದುದರಿಂದ 2009ರಲ್ಲಿ ಎರಡರ ಮೇಲೂ ಬಿಳಿ ಡೇರೆ ಹೊದಿಸಿದ್ದಾರೆ. ಫೋಟೊ ಕೆಟ್ಟಿತೆಂದು ಗೊಣಗುವವರಿದ್ದಾರೆ, ನನಗಂತೂ ಆ ನೆರಳು ಹಿತ. ಇಮ್ನಾಯ್ಡ್ರಾದ ಕೆಳಗಿನ ದೇಗುಲದಲ್ಲಿ ಹಗಲು ರಾತ್ರಿ ಸಮವಾಗುವ ದಿನಗಳಂದು ಸೂರ್ಯೋದಯದ ಬೆಳಕು ಬಾಗಿಲಿನಿಂದ ನೇರವಾಗಿ ಒಳಕ್ಕೆ ಬೀಳುತ್ತದೆ.

ಇಲ್ಲಿಂದ ಮುಂದಿನದು ಸೇಂಟ್ ಜಾನ್ ಎಂಬ ಕ್ರೈಸ್ತ ಪಂಥದ ಯೋಧರ ಕಾಲ. 1565ರಲ್ಲಿ ಆಟೊಮನ್ ಸೇನೆಯ ಮುತ್ತಿಗೆಯನ್ನು ತಡೆದ ಮರುವರ್ಷವೇ ಅವರ ಮುಖ್ಯಸ್ಥ ಲಾ ವಲೆಟ್ ಹೊಸ ನಗರಕ್ಕೆ ಅಡಿಗಲ್ಲು ಹಾಕಿದ. ಅವನ ಹೆಸರೇ ಊರಿಗೂ ಬಂತು. ಅಲ್ಲಿನ ಸೇಂಟ್ ಜಾನ್ಸ್ ಚರ್ಚನ್ನು ಹೊರಗಿನಿಂದ ನೋಡಿ ಬೋಳು ಎನ್ನಬೇಡಿ. ಒಳಗೆ ನೆಲದ ತುಂಬ ಸುಮಾರು 400 ಯೋಧರ ಬಣ್ಣದ ಅಮೃತಶಿಲೆಯ ಸಮಾಧಿ ಹಾಸುಗಳು. ಚೂಪು ಹಿಮ್ಮಡಿಯ ಚಪ್ಪಲಿ ನಿಷಿದ್ಧ, ಭುಜ ಮೊಣಕಾಲು ಮುಚ್ಚಿರಬೇಕು. ಭಾನುವಾರ ಪ್ರವಾಸಿಗರಿಗೆ ಪ್ರವೇಶವಿಲ್ಲ.

ಪಕ್ಕದ ಪ್ರಾರ್ಥನಾ ಕೋಣೆಯಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೊ 1608ರಲ್ಲಿ ಬಿಡಿಸಿದ ಸಂತ ಯೋಹಾನನ ಶಿರಚ್ಛೇದದ ಚಿತ್ರವಿದೆ. ಗೋಡೆಯಷ್ಟು ಅಗಲ, ಅರ್ಧಕ್ಕರ್ಧ ಕತ್ತಲು. ಕೊರಳಿನಿಂದ ಹರಿದ ರಕ್ತವನ್ನು ದಿಟ್ಟಿಸಿ: ಕಲಾವಿದ ತನ್ನ ಹೆಸರನ್ನು ಅದರಲ್ಲೇ ಬರೆದಿದ್ದಾನೆ. ಅವನು ಸಹಿ ಹಾಕಿದ ಚಿತ್ರ ಇದೊಂದೇ. ಅದೇ ವರ್ಷ ಪಂಥಕ್ಕೆ ಸೇರಿ, ಜಗಳವಾಡಿ ಜೈಲು ಸೇರಿ, ತಪ್ಪಿಸಿಕೊಂಡು ಓಡಿದ. ಅವನನ್ನು ಪಂಥದಿಂದ ಹೊರಹಾಕಿದ ಸಭೆ ನಡೆದದ್ದೂ ಇದೇ ಕೋಣೆಯಲ್ಲಿ.

ಹಳೆಯ ರಾಜಧಾನಿ ಇಮ್ದೀನಾಕ್ಕೆ ಒಂದು ಸಂಜೆ ಸಾಕು, ಹಗಲಿನ ಗುಂಪು ಹೋದ ಮೇಲೆ. ದಾರಿಯಲ್ಲಿ ಮೋಸ್ಟಾದಲ್ಲಿ ಇಳಿದರೆ, 1942ರಲ್ಲಿ ಬಾಂಬೊಂದು ಗುಮ್ಮಟ ತೂರಿ ಒಳಗೆ ಬಿದ್ದರೂ ಸಿಡಿಯದ ಚರ್ಚು ನೋಡಬಹುದು. ಹಸಿವಿಗೆ ಪಸ್ತಿಜ್ಜಿ ಎಂಬ, ಹೂರಣ ತುಂಬಿದ ಪದರು ಪದರಾದ ತಿನಿಸು ಕೊಳ್ಳಿ. ಬಟಾಣಿ ಹೂರಣದ್ದೂ ಇದೆ, ಸಸ್ಯಾಹಾರಿಗಳು ಕೇಳಿಯೇ ತೆಗೆದುಕೊಳ್ಳಬೇಕು.

ಕೊನೆಗೊಂದು ದಿನ ಗೋಜೊ ದ್ವೀಪಕ್ಕೆ. ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯದಾದ ಜಿಗಾಂತಿಯಾ ದೇಗುಲ ಅಲ್ಲಿದೆ. ಚಿರ್ಕೆವ್ವಾ ಬಂದರಿನಿಂದ ಫೆರಿಯಲ್ಲಿ ಸುಮಾರು 25 ನಿಮಿಷ. ಹೋಗುವಾಗ ಟಿಕೆಟ್ ಕೌಂಟರ್ ಹುಡುಕಬೇಡಿ. ದುಡ್ಡು ತೆಗೆದುಕೊಳ್ಳುವುದು ಗೋಜೊದಿಂದ ವಾಪಸು ಬರುವಾಗ.