ಟೀ ಶರ್ಟ್ ಬೇಕಾ ಅಂತ ಕೇಳಬೇಡಿ

ನಾನು ನಡೆಸುವ ಓಟದ ರೇಸ್ ಈ ಸಲ ಮುಗಿದ ಮೇಲೆ ನನ್ನ ಹತ್ತಿರ ಉಳಿದ ಟೀ ಶರ್ಟ್ ಹನ್ನೊಂದು. ಅವೂ ನನ್ನವಲ್ಲ. ದುಡ್ಡು ಕೊಟ್ಟು, ಓಟದ ದಿನ ಬಾರದವರದು. ಮೊದಲ ವರ್ಷ ಉಳಿದದ್ದು 140ರ ಹತ್ತಿರ. ರೇಸ್ ನಡೆಸಿದವರಿಗೆ ಈ ಎರಡು ಸಂಖ್ಯೆ ಸಾಕು, ಮುಂದೆ ಓದಬೇಕಾಗಿಯೇ ಇಲ್ಲ. ಆದರೂ ಬರೆಯುತ್ತೇನೆ. ಯಾಕೆಂದರೆ "ಶರ್ಟ್ ಕೊಡದಿದ್ರೆ ನಾಯಿನೂ ಬರಲ್ಲ ಕಣ್ರೀ" ಅಂತ ನಾಲ್ಕು ವರ್ಷ ನಗುತ್ತಿದ್ದ ಹಿರಿಯ ಆಯೋಜಕರೊಬ್ಬರು ಹೋದ ವಾರ ಫೋನ್ ಮಾಡಿ, "ನಿಮ್ಮ ರಿಜಿಸ್ಟ್ರೇಷನ್ ಫಾರ್ಮ್ ಒಂದ್ಸಲ ಕಳಿಸ್ತೀರಾ?" ಅಂದರು.

ನಮ್ಮದು ಸಣ್ಣ ರೇಸ್. 10 ಕಿ.ಮೀ. ಮತ್ತು ಹಾಫ್, ಅಂದರೆ 21 ಕಿ.ಮೀ.ನ ಅರ್ಧ ಮ್ಯಾರಥಾನ್, ಎರಡೂ ಸೇರಿ 600 ಚಿಲ್ಲರೆ ಜನ. ಲೆಕ್ಕವೆಲ್ಲ ನೆನಪಿನಿಂದ ಹೇಳುತ್ತಿದ್ದೇನೆ, ಸ್ವಲ್ಪ ಆಚೀಚೆ ಇರಬಹುದು. ಮೊದಲ ವರ್ಷ ಶುಲ್ಕದ ಕಾಲುಭಾಗ ಶರ್ಟ್‌ಗೆ ಹೋಯಿತು. ಮೆಡಲ್, ಅದರ ಡೈ (ಅಚ್ಚು), ರಿಬ್ಬನ್ ಸೇರಿ ನೂರಕ್ಕೆ ಹತ್ತು. ಓಟಗಾರರಿಗೆ ಕೊಡುವ ಉಡುಗೊರೆ ಚೀಲ, ಗೂಡಿ ಬ್ಯಾಗ್‌ಗೆ ಇನ್ನೊಂದು ಐದು. ಓಟದ ಸಮಯ ಅಳೆಯುವ ಟೈಮಿಂಗ್ ಚಿಪ್, ನೀರು, ಆಂಬ್ಯುಲೆನ್ಸ್ ಮೂರನ್ನೂ ಕೂಡಿಸಿದರೂ ಅಷ್ಟಾಗಲಿಲ್ಲ. ರೇಸ್ ಹೆಸರಲ್ಲಿ ಬಟ್ಟೆ ಅಂಗಡಿ ಇಟ್ಟ ಹಾಗಾಯಿತು. ಎಂ ಸೈಜ್ ಮೊದಲ ದಿನ ಮಧ್ಯಾಹ್ನಕ್ಕೇ ಖಾಲಿ. ಎಕ್ಸ್‌ಎಲ್ ರಾಶಿ ಹಾಗೇ ಬಿದ್ದಿತ್ತು. ಯೂನಿಸೆಕ್ಸ್ ಅಂತ ತರಿಸಿದ್ದು ಹೆಂಗಸರಿಗೆ ಗೋಣಿಚೀಲ. ಹತ್ತರಲ್ಲಿ ಒಬ್ಬರು ಓಟಕ್ಕೇ ಬರಲಿಲ್ಲ, ಅದು ಯಾವ ರೇಸ್‌ಗೂ ಇದ್ದದ್ದೇ. ಓಟ ಮುಗಿದು ಒಂದು ಗಂಟೆ ಆಗಿರಲಿಲ್ಲ, ಪಾರ್ಕಿಂಗ್‌ನಲ್ಲಿ ಒಬ್ಬರು ನಮ್ಮ ಹೊಸ ಶರ್ಟ್‌ನಿಂದ ಕಾರಿನ ಗಾಜು ಒರೆಸುತ್ತಿದ್ದರು.

ಸಿಟ್ಟು ಬಂತು. ಸಿಟ್ಟಿನಲ್ಲಿ ಎರಡನೇ ವರ್ಷ ಎಲ್ಲವನ್ನೂ ತೆಗೆದುಹಾಕಿದೆ. ಶರ್ಟ್ ಇಲ್ಲ, ಮೆಡಲ್ ಇಲ್ಲ, ಬ್ಯಾಗ್ ಇಲ್ಲ. ಶುಲ್ಕ ಮೂರನೇ ಒಂದು ಭಾಗ ಕಡಿಮೆ. ಹಳೇ ಓಟಗಾರರು ಇದನ್ನೇ ಕೇಳುತ್ತಿದ್ದರು ಅಲ್ವಾ? "ಮನೇಲಿ ಐವತ್ತು ಶರ್ಟ್ ಇವೆ ಸರ್, ದಯವಿಟ್ಟು ಬೇಡ" ಅಂತ ಕೈಮುಗಿದವರು ಎಷ್ಟು ಜನ! ಆ ಕೈಮುಗಿದವರಲ್ಲಿ ಅರ್ಧದಷ್ಟು ಜನ ಆ ವರ್ಷ ಬರಲೇ ಇಲ್ಲ. ಬಂದದ್ದು ಒಟ್ಟು 380. ಚಿಪ್ಪಿನವರು, ಆಂಬ್ಯುಲೆನ್ಸಿನವರು ಜನ ಕಡಿಮೆ ಅಂತ ದುಡ್ಡು ಕಡಿಮೆ ಮಾಡುತ್ತಾರಾ? ಕೈಯಿಂದ ಹಾಕಿದೆ.

ದುಡ್ಡಿಗಿಂತ ಜಾಸ್ತಿ ಚುಚ್ಚಿದ್ದು ಬೇರೆ. ಕೊನೆಯ ಹತ್ತು ಜನರಲ್ಲಿ ಒಬ್ಬರು, ಮೊದಲ ಸಲ ಹಾಫ್ ಓಡಿದವರು, ಫಿನಿಶ್ ಲೈನ್ ದಾಟಿ ನೇರ ನನ್ನ ಮುಂದೆ ಬಂದು ತಲೆ ಬಗ್ಗಿಸಿ ನಿಂತರು. ನನಗೆ ಅರ್ಥವಾಗಲು ಎರಡು ಸೆಕೆಂಡ್ ಹಿಡಿಯಿತು. ಅವರಿಗೆ ಅರ್ಥವಾಗಲು ನಾಲ್ಕು. ಕೊರಳಿಗೆ ಹಾಕಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಬಾಳೆಹಣ್ಣು ಕೊಟ್ಟೆ.

ಮೂರನೇ ವರ್ಷ ಮೆಡಲ್ ವಾಪಸ್ ತಂದೆ. ಶರ್ಟ್‌ಗೆ ಮಾತ್ರ ಫಾರ್ಮ್‌ನಲ್ಲಿ ಒಂದು ಚೌಕ ಇಟ್ಟೆ: ಬೇಕು, ಬೇಡ. ಎರಡಕ್ಕೂ ಶುಲ್ಕ ಒಂದೇ. ಹತ್ತರಲ್ಲಿ ಒಂಬತ್ತು ಜನ ಬೇಕು ಅಂದರು. ಪುಕ್ಕಟೆ ಸಿಕ್ಕರೆ ನನಗೂ ಒಂದು, ನಮ್ಮಪ್ಪನಿಗೂ ಒಂದು. ತಪ್ಪು ಅವರದಲ್ಲ, ಹಾಗೆ ಕೇಳಿದ ನನ್ನದು.

ನಾಲ್ಕನೇ ವರ್ಷ ಬುದ್ಧಿ ಬಂತು ಅಂದುಕೊಂಡೆ. ಶರ್ಟ್ ಬೇಡ ಅಂದವರಿಗೆ ಕಾಲುಭಾಗ ಶುಲ್ಕ ಕಡಿತ. ಮೂರನೇ ಒಂದು ಭಾಗ ಜನ ಬಿಟ್ಟುಕೊಟ್ಟರು. ಖುಷಿಯಾಯಿತು, ಒಂದೇ ವಾರ. ಶರ್ಟ್ ಸಂಖ್ಯೆ ಇಳಿದ ಕೂಡಲೇ ಪ್ರಿಂಟಿಂಗ್‌ನವರು ಒಂದೊಂದರ ದರ ಏರಿಸಿದರು. ರಿಜಿಸ್ಟ್ರೇಷನ್ ಮುಗಿಯುವ ಮೊದಲೇ ಅಂದಾಜಿನ ಮೇಲೆ ಆರ್ಡರ್ ಕೊಟ್ಟಿದ್ದರಿಂದ ಮತ್ತೆ ಒಂದು ಮೂಟೆ ಉಳಿಯಿತು. ಮೇಲಿಂದ ಸ್ಪಾನ್ಸರ್, "ನಮ್ಮ ಹೆಸರು ಹೊರುವ ಎದೆಗಳು ಕಡಿಮೆಯಾದವು" ಅಂತ ಕೊಡುವ ಹಣದಲ್ಲಿ ಕತ್ತರಿ ಹಾಕಿದರು. ಈ ಹುಚ್ಚು ಸಾಕು ಅಂತ ಮನೆಯಲ್ಲೂ ಹೇಳಿಯಾಗಿತ್ತು.

ಐದನೇ ವರ್ಷ, ಅಂದರೆ ಈ ಸಲ, ಲೆಕ್ಕ ಬದಲಿಸಲಿಲ್ಲ. ಫಾರ್ಮನ್ನು ಮಾತ್ರ ತಲೆಕೆಳಗು ಮಾಡಿದೆ. ಶುಲ್ಕ ಹಳೆಯದರ ಮುಕ್ಕಾಲು. ಅದರಲ್ಲಿ ಬಿಬ್ (ಎದೆಗೆ ಹಾಕುವ ನಂಬರ್), ಚಿಪ್, ಮೆಡಲ್. ಎಲ್ಲ ತುಂಬಿ ಮುಗಿಸಿ, ಹಣ ಕಟ್ಟುವ ಮೊದಲಿನ ಪುಟದಲ್ಲಿ ಶರ್ಟ್ ಇದೆ, ಬೇಕಾದರೆ ಸೇರಿಸಿ, ಬೆಲೆ ಇಷ್ಟು. ಆ ಬೆಲೆ ಹಿಂದಿನ ವರ್ಷ ಕಡಿತ ಕೊಟ್ಟೆನಲ್ಲ, ಅಷ್ಟೇ ದುಡ್ಡು. ಹೋದ ವರ್ಷ ಮೂರರಲ್ಲಿ ಇಬ್ಬರು ಇಟ್ಟುಕೊಂಡಿದ್ದ ಶರ್ಟನ್ನು ಈ ವರ್ಷ ಕೊಂಡವರು ಮೂರರಲ್ಲಿ ಒಬ್ಬರು. ಬಂದ ಜನ 640. ಯಾರೂ ಜಗಳ ಮಾಡಲಿಲ್ಲ. ಇದ್ದದ್ದನ್ನು ಬಿಡು ಅಂದರೆ ಸಂಕಟ, ಇಲ್ಲದ್ದನ್ನು ಕೊಳ್ಳು ಅಂದರೆ ಯೋಚನೆ. ಅಷ್ಟೇ ವ್ಯತ್ಯಾಸ.

ಇದರ ಜೊತೆ ಕೆಲವು ಬಿಗಿ ಮಾಡಿದೆ. ಶರ್ಟ್ ಬುಕಿಂಗ್ ಆರು ವಾರ ಮುಂಚೆ ಬಂದ್. ದುಡ್ಡು ಬಂದಷ್ಟಕ್ಕೆ ಮಾತ್ರ ಆರ್ಡರ್, ಒಂದೂ ಜಾಸ್ತಿ ಇಲ್ಲ. ಹೆಂಗಸರ ಅಳತೆ ಬೇರೆ. ಬೆನ್ನಿನ ಮೇಲೆ ಲೋಗೋ ಇಲ್ಲ, ಮುಂದೆ ದೂರ ಮತ್ತು ವರ್ಷ ಮಾತ್ರ. ಹದಿನಾಲ್ಕು ಲೋಗೋ ಇರುವ ಬೆನ್ನನ್ನು ಯಾರು ಹೊತ್ತು ತಿರುಗುತ್ತಾರೆ? ಬಾಸ್ಟನ್ ಮ್ಯಾರಥಾನ್ ನೋಡಿ. ಶುಲ್ಕದ ಜೊತೆ ಶರ್ಟ್ ಸಿಗುತ್ತದೆ, ಆದರೆ ಜನ ಹುಚ್ಚಾಗುವುದು ಬೇರೆ ದುಡ್ಡು ಕೊಟ್ಟು ಕೊಳ್ಳುವ ಆ ವರ್ಷದ ಬಣ್ಣದ ಜಾಕೆಟ್‌ಗೆ.

"ಫಿನಿಶರ್", ಅಂದರೆ ಓಟ ಮುಗಿಸಿದವರು, ಅನ್ನುವ ಪದವನ್ನೂ ಶರ್ಟ್‌ನಿಂದ ತೆಗೆದೆ. ದುಡ್ಡು ಕೊಟ್ಟು ಕೊಂಡು, 17ನೇ ಕಿಲೋಮೀಟರಿನಲ್ಲಿ ಕಾಲು ಹಿಡಿದುಕೊಂಡವರು ಅದನ್ನು ಏನು ಮಾಡಬೇಕು? ಮುಗಿಸುವ ಮೊದಲು ಆ ವರ್ಷದ ಶರ್ಟ್ ಹಾಕಲೇಬಾರದು ಅನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನೂ ಒಬ್ಬ.

ಮೆಡಲ್ ವಿಷಯದಲ್ಲಿ ನಾನು ಪೂರ್ತಿ ಸೋತೆ. ಅದರ ತೂಕಕ್ಕೂ ಬೆಲೆಗೂ ಸಂಬಂಧವೇ ಇಲ್ಲ. ದಕ್ಷಿಣ ಆಫ್ರಿಕಾದ ಸುಮಾರು 90 ಕಿ.ಮೀ. ಓಟ ಕಾಮ್ರೇಡ್ಸ್‌ನ ಮೆಡಲ್ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಆದರೆ ಒಂಬತ್ತು ಗಂಟೆಯೊಳಗೆ ಬಂದರೆ ಬಿಲ್ ರೋವನ್, ಹನ್ನೊಂದು ದಾಟಿ ಹನ್ನೆರಡರೊಳಗೆ ಬಂದರೆ ವಿಕ್ ಕ್ಲಾಫಮ್ ಅಂತ ಒಂದೊಂದಕ್ಕೂ ಹೆಸರಿದೆ. ಆ ಚಿಕ್ಕ ಬಿಲ್ಲೆಗೆ ಜನ ವರ್ಷಗಟ್ಟಲೆ ಓಡುತ್ತಾರೆ. ಅಮೆರಿಕದ ವೆಸ್ಟರ್ನ್ ಸ್ಟೇಟ್ಸ್ 100 ಮೈಲಿ ಓಟದಲ್ಲಿ ಕೊಡುವುದು ಬೆಲ್ಟಿನ ಬಕಲ್. 24 ಗಂಟೆಯೊಳಗೆ ಬಂದರೆ ಬೆಳ್ಳಿಯದು, 30ರೊಳಗೆ ಕಂಚಿನದು. ಇದನ್ನು ನೋಡಿ ನಮ್ಮ ಮೆಡಲನ್ನು ನೂರು ಗ್ರಾಂ ಮೇಲಿದ್ದದ್ದು ಐವತ್ತಕ್ಕೆ ಇಳಿಸಿದೆ. ದೂರು ನಾಲ್ಕೋ ಐದೋ ಬಂದವು. ಉಳಿದ ದುಡ್ಡಲ್ಲಿ ಒಳ್ಳೆಯ ರಿಬ್ಬನ್ ಹಾಕಿಸಿದೆ. ಮುಖ್ಯವಾಗಿ, ಕೊರಳಿಗೆ ಹಾಕಲು ಇಬ್ಬರು ವಾಲಂಟಿಯರ್‌ಗಳನ್ನು ಕೊನೆಯ ಓಟಗಾರ ಬರುವ ತನಕ ಅಲ್ಲೇ ನಿಲ್ಲಿಸಿದೆ. ಮೇಜಿನ ಮೇಲೆ ರಾಶಿ ಹಾಕಿ "ತಗೊಳ್ಳಿ" ಅಂದರೆ ಅದು ಬರೀ ತಗಡು.

ಜಾಣತನ ಮಾಡಲು ಹೋಗಿ ಕೈ ಸುಟ್ಟುಕೊಂಡದ್ದೂ ಉಂಟು. ಡೈ ಖರ್ಚು ಉಳಿಸಲು ಮೆಡಲ್ ಮೇಲೆ ವರ್ಷ ಹಾಕಿಸದೆ, ರಿಬ್ಬನ್ ಮೇಲೆ ಮಾತ್ರ ಹಾಕಿಸಿದೆ. ಮುಂದಿನ ವರ್ಷ ಹೊಸ ರಿಬ್ಬನ್ ಸಾಕು ಅಂತ ಲೆಕ್ಕ. ಎರಡೂ ವರ್ಷ ಓಡಿದವರು ಗೋಡೆಗೆ ಪಕ್ಕಪಕ್ಕ ನೇತುಹಾಕಿ ಫೋಟೋ ಕಳಿಸಿದರು. ಕೆಳಗೆ ಒಂದೇ ಪ್ರಶ್ನೆ ಚಿಹ್ನೆ. ಇನ್ನೊಂದು ಸಲ 10 ಕಿ.ಮೀ. ಓಟಕ್ಕೆ ಪ್ಲೈವುಡ್ ಮೆಡಲ್ ಲೇಸರ್‌ನಲ್ಲಿ ಕತ್ತರಿಸಿ ಮಾಡಿಸಿದೆ. ನೋಡಲು ಚೆಂದ, ಬೆಲೆ ಅರ್ಧ. ಓಟದ ಬೆಳಿಗ್ಗೆ ಮಳೆ. ಬಣ್ಣ ಅಂಗಿಗಿಳಿಯಿತು, ಪದರ ಬಿಚ್ಚಿಕೊಂಡಿತು. "ಮೆಡಲ್ ಬೇಡದವರು ಇಲ್ಲಿ ಹಾಕಿ" ಅಂತ ಒಂದು ಡಬ್ಬ ಇಟ್ಟು ನೋಡಿದ್ದೂ ಆಯಿತು. ಸಂಜೆಗೆ ಅದರಲ್ಲಿ ಐದು ಇದ್ದವು. ಮೆಡಲ್ ಅಂದರೆ ಕಸ ಅಂತ ಭಾಷಣ ಮಾಡುತ್ತಿದ್ದ ಗೆಳೆಯ ಡಬ್ಬದ ಪಕ್ಕವೇ ಮೆಡಲ್ ಕಚ್ಚಿ ಫೋಟೋ ತೆಗೆಸಿಕೊಂಡ.

ಇನ್ನು ಉಳಿದ ಹಣ. ಮುಂದಿನ ವರ್ಷ ಏನು ಬೇಕು ಅಂತ ಓಟಗಾರರನ್ನು ಕೇಳುವುದನ್ನು ಬಿಟ್ಟಿದ್ದೇನೆ, ಎಲ್ಲ ಬೇಕು ಅನ್ನುತ್ತಾರೆ. ಹೋದ ರೇಸ್‌ನಲ್ಲಿ ಏನು ನೆನಪಿದೆ ಅಂತ ಕೇಳುತ್ತೇನೆ. ಶೌಚಾಲಯದ ಸಾಲು, ಕೊನೆಯವರಿಗೆ ನೀರು ಮುಗಿದದ್ದು, ಒಂದು ಒಳ್ಳೆಯ ಫೋಟೋ: ಬರುವ ಉತ್ತರ ಈ ಮೂರೇ. ಹಾಗಾಗಿ ಎಪ್ಪತ್ತು ಜನರಿಗೆ ಒಂದಿದ್ದ ಶೌಚಾಲಯ ಈಗ ಮೂವತ್ತಕ್ಕೆ ಒಂದು. ಕೊನೆಯ ನೀರಿನ ಮೇಜನ್ನು ಕೊನೆಯ ಓಟಗಾರ ದಾಟಿದ ಮೇಲೆಯೇ ಎತ್ತುವುದು. ದಾರಿಯಲ್ಲಿ ಇಬ್ಬರು ಫೋಟೋಗ್ರಾಫರ್‌ಗಳು, ಫೋಟೋ ಉಚಿತ, ಮೂಲೆಯಲ್ಲಿ ಸ್ಪಾನ್ಸರ್ ಹೆಸರು. ಅಳೆದೂ ಸುರಿದೂ ಸ್ಪಾನ್ಸರ್ ಕೊನೆಗೆ ಒಪ್ಪಿದ್ದು ಇದಕ್ಕೇ. ಬೆನ್ನಿನ ಲೋಗೋ ಬೀರುವಿನಲ್ಲಿರುತ್ತದೆ, ಫೋಟೋವನ್ನು ಜನ ತಾವೇ ಊರಿಗೆಲ್ಲ ಹಂಚುತ್ತಾರೆ.

ಒಂದು ವಿಷಯ ಮಾತ್ರ ಬರೆಯಲ್ಲ. ನಮ್ಮ ಫಾರ್ಮ್‌ನಲ್ಲಿ "ನಿಮ್ಮ ಸೈಜ್ ಯಾವುದು" ಅಂತ ಕೇಳುವುದೇ ಇಲ್ಲ. ಓಟಗಾರರಿಗೆ ತಮ್ಮ ಸೈಜ್ ಗೊತ್ತಿರಲ್ಲ, ಗೊತ್ತಿದ್ದರೂ ಒಂದು ಕಡಿಮೆ ಹೇಳುತ್ತಾರೆ. ಅದರ ಬದಲು ಬೇರೆ ಒಂದು ಪ್ರಶ್ನೆ ಇದೆ. ಈ ಸಲ 210ರಷ್ಟು ಶರ್ಟ್‌ಗಳಲ್ಲಿ ಬದಲಾಯಿಸಿ ಕೊಡಿ ಅಂದವರು ಇಬ್ಬರೇ. ಆ ಪ್ರಶ್ನೆ ಹುಡುಕಲು ನನಗೆ ನಾಲ್ಕು ವರ್ಷ, ಕೆಲವು ಮೂಟೆ ಬಟ್ಟೆ ಹಿಡಿದಿವೆ.

ಹಿರಿಯ ಆಯೋಜಕರಿಗೆ ಮೊನ್ನೆ ಫಾರ್ಮ್ ಕಳಿಸಿದೆ. ಆ ಸಾಲು ಅಳಿಸಿ.